ಐದು ಪಿಚರ್‌ಗಳ ಪಟ್ಟಿ, ನಾನು ಬರೆದ ಒಂದು ಸಾಲು

ನೋವಿಲ್ಲ ಎನ್ನುವ ಆಟಗಾರನನ್ನು ನಾನು ಇಪ್ಪತ್ತೇಳು ವರ್ಷ ನಂಬಲಿಲ್ಲ. ನೋವಿದೆ ಎನ್ನುವವನನ್ನು ಅದಕ್ಕಿಂತಲೂ ಕಡಿಮೆ ನಂಬಿದೆ. ಕ್ರೈಸ್ಟ್‌ಚರ್ಚ್ ಊರಿನ ಹಾರ್ನ್‌ಬಿ ಬಡಾವಣೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದು ಈಗ ಮನೆಯಲ್ಲಿ ಕೂತಿರುವವಳು ನಾನು. ಕರ್ನಾಟಕದಿಂದ ಹೊಸದಾಗಿ ಬಂದ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. "ಆಂಟಿ, ಸ್ಪೋರ್ಟ್ಸ್ ಫಿಸಿಯೋ ಕೆಲ್ಸ ಹೆಂಗಿರುತ್ತೆ? ಸೇರ್ಕೋಬಹುದಾ?" ಎಂದು ಕೇಳುತ್ತಾರೆ. ಸೇರಿಕೊಳ್ಳಿ ಎನ್ನುತ್ತೇನೆ. ಆದರೆ ಹೇಗಿರುತ್ತದೆ ಎಂಬುದನ್ನು ಫೋನಿನಲ್ಲಿ ಹೇಳಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಯಾರ ವಿಷಯ ಹೆಚ್ಚಾಗಿ ಬರೆದಿದ್ದೇನೋ ಅವನು ಓದಿ ಒಪ್ಪಿದ್ದಾನೆ.

ನಾನು ಗದಗಿನ ಬೆಟಗೇರಿಯವಳು, ಹೆಸರು ಕರುಣಾ. ಇಲ್ಲಿಗೆ ಬರುವ ತನಕ ಬೇಸ್‌ಬಾಲ್ ಎಂಬ ಆಟವನ್ನು ಕಣ್ಣಾರೆ ನೋಡಿರಲಿಲ್ಲ. ರಗ್ಬಿ ಮತ್ತು ಕ್ರಿಕೆಟ್ಟಿನ ಈ ದೇಶದಲ್ಲಿ ಅದನ್ನು ಆಡುವವರೂ ಕಡಿಮೆ. ನಮ್ಮ ಕ್ಲಿನಿಕ್ಕಿನ ಹಿಂದಿನ ರಸ್ತೆಯಲ್ಲಿ, ಗೋದಾಮುಗಳ ಸಾಲು ಮುಗಿಯುವಲ್ಲಿ ಒಂದು ಮೈದಾನವಿತ್ತು. ಅಲ್ಲಿನ ಕ್ಲಬ್ಬಿಗೆ ಶನಿವಾರದ ಪಂದ್ಯಗಳಿಗೆ ಒಬ್ಬ ಫಿಸಿಯೋ ಬೇಕಾಗಿತ್ತು. ಕ್ಲಿನಿಕ್ಕಿನ ಉಳಿದವರಿಗೆಲ್ಲ ಶನಿವಾರ ಮಕ್ಕಳ ಆಟವಿರುತ್ತಿತ್ತು. ನನಗೆ ಮಕ್ಕಳಿಲ್ಲ. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು.

ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವನೇ ಪಿಚರ್. ಕ್ರಿಕೆಟ್ಟಿನ ಬೌಲರಿಗೆ ಓವರ್ ಮುಗಿದರೆ ಉಸಿರಾಡಲು ಸಮಯ ಸಿಗುತ್ತದೆ, ಇನ್ನೊಬ್ಬ ಬಂದು ಎಸೆಯುತ್ತಾನೆ. ಪಿಚರ್‌ಗೆ ಆ ಭಾಗ್ಯವಿಲ್ಲ. ಮೈದಾನದ ನಡುವಿನ ಸಣ್ಣ ದಿಬ್ಬದ ಮೇಲೆ ನಿಂತು, ಎದುರಾಳಿಗಳು ಬ್ಯಾಟು ಮಾಡುವಾಗಲೆಲ್ಲ, ಕೋಚ್ ಬಂದು ಸಾಕು ಎನ್ನುವ ತನಕ ಅವನೇ ಎಸೆಯಬೇಕು. ಒಂದೊಂದು ಎಸೆತಕ್ಕೂ ಭುಜವು ಕೀಲಿನಿಂದ ಕಳಚಿಕೊಳ್ಳುವಷ್ಟು ಹಿಂದಕ್ಕೆ ತಿರುಗಿ ಮುಂದಕ್ಕೆ ಬರುತ್ತದೆ. ಇಡೀ ತಂಡದ ಗೆಲುವು ಒಂದು ತೋಳಿನಲ್ಲಿ ಇರುತ್ತದೆ. ಆ ತೋಳಿನ ಬಗ್ಗೆ ಎಲ್ಲರೂ ಸುಳ್ಳು ಹೇಳುತ್ತಾರೆ.

ಇದನ್ನು ಮೊದಲು ಕಲಿಸಿದವರು ಕ್ಲಿನಿಕ್ಕಿನ ಹಿರಿಯ ಫಿಸಿಯೋ ಮಾರ್ಗರೆಟ್. ಅವರು ಪೇಷಂಟನ್ನು ಕೋಣೆಯೊಳಗೆ ಕರೆಯುವ ಮುಂಚೆ ಐದು ನಿಮಿಷ ಕಿಟಕಿಯಿಂದ ಪಾರ್ಕಿಂಗ್ ಜಾಗವನ್ನು ನೋಡುತ್ತ ನಿಲ್ಲುತ್ತಿದ್ದರು. "ಕಾರಿನಿಂದ ಇಳಿಯುವಾಗ ಯಾರೂ ನಾಟಕ ಮಾಡಲ್ಲ, ಕರುಣಾ. ಮೊದಲು ನೋಡು, ಆಮೇಲೆ ಮುಟ್ಟು, ಕೊನೆಗೆ ಕೇಳು," ಎನ್ನುತ್ತಿದ್ದರು. ಇಲ್ಲಿನವರ ಮಾತು ಇಂಗ್ಲಿಷಿನದು. ನನ್ನ ಕಿವಿಗೆ ಬಿದ್ದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ಪಾಠ ಫಲ ಕೊಟ್ಟದ್ದು ಬ್ರೆಂಟನ ವಿಷಯದಲ್ಲಿ. ಬ್ರೆಂಟ್ ನಮ್ಮ ಕ್ಲಬ್ಬಿನ ಬಲಗೈ ಪಿಚರ್, ಕೋಚ್ ಗ್ರೇಮ್‌ನ ತಂಗಿಯ ಮಗ. ಒಂದು ವಾರ ಪೂರ್ತಿ ಮೊಣಕೈ ಸರಿಯಾಗಿದೆ, ಎಸೆಯಲು ರೆಡಿ ಎಂದು ಹೇಳುತ್ತಲೇ ಇದ್ದ. ನಾನು ಹಿಡಿದು ಎಳೆದು ನೋಡಿದಾಗಲೂ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಆದರೆ ಶನಿವಾರ ಬೆಳಿಗ್ಗೆ ತನ್ನ ಯೂಟ್‌ನಿಂದ, ಅಂದರೆ ಹಿಂದೆ ಸರಕು ಹೇರುವ ಇಲ್ಲಿನ ಸಣ್ಣ ಗಾಡಿಯಿಂದ, ಇಳಿದಾಗ ಪಕ್ಕದಲ್ಲೇ ಇದ್ದ ಬಲಗೈ ಬಿಟ್ಟು, ಇಡೀ ಮೈ ತಿರುಗಿಸಿ ಎಡಗೈಯಲ್ಲಿ ಬಾಗಿಲು ಹಾಕಿದ. ಅಷ್ಟು ಸಾಕಾಯಿತು. ಅವನನ್ನು ಆ ದಿನ ಆಡಿಸಬೇಡಿ ಎಂದೆ. ಸ್ಕ್ಯಾನ್ ಮಾಡಿಸಿದಾಗ ಒಳಗಿನ ಲಿಗಮೆಂಟ್ ಹರಿಯುವ ಹಂತದಲ್ಲಿತ್ತು. ಬ್ರೆಂಟ್ ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಹನ್ನೊಂದು ಸೀಸನ್ ಎಸೆದ.

ಆ ಯೂಟ್ ಬಾಗಿಲಿನ ಕಥೆ ಕ್ಲಬ್ಬಿನಲ್ಲಿ ಹಬ್ಬಿತು. "ಕರುಣಾ ನಿನ್ನ ನೋಡ್ತಿದ್ದಾಳೆ, ಹುಷಾರು" ಎಂದು ಆಟಗಾರರು ಒಬ್ಬರಿಗೊಬ್ಬರು ತಮಾಷೆ ಮಾಡತೊಡಗಿದರು. ನನಗೂ ಅದು ಹಿಡಿಸಿತು. ಸತ್ಯ ಹೇಳಬೇಕೆಂದರೆ ತಲೆಗೇರಿತು.

ಕೆಲಸದ ರೀತಿ ನನ್ನ ಕಣ್ಣೆದುರೇ ಎಷ್ಟೋ ಬದಲಾಯಿತು. ನಾನು ಸೇರಿದಾಗ ಪಂದ್ಯ ಮುಗಿದ ಕೂಡಲೇ ಪಿಚರ್‌ನ ಭುಜಕ್ಕೆ ಐಸ್ ಚೀಲ ಕಟ್ಟುವುದು ಶಾಸ್ತ್ರದಂತೆ ನಡೆಯುತ್ತಿತ್ತು. ನಾನು ಬಿಡುವ ಹೊತ್ತಿಗೆ ಅದು ಬೇಕೇ ಬೇಡವೇ ಎಂಬ ಚರ್ಚೆ ನಡೆದಿತ್ತು. ಕ್ಲಿನಿಕ್ಕಿನ ಮೂಲೆಯಲ್ಲಿ ದೇವರ ಹಾಗೆ ಇಟ್ಟಿದ್ದ ಅಲ್ಟ್ರಾಸೌಂಡ್ ಯಂತ್ರದ ಮೇಲೆ ಕೊನೆಗೆ ಯಾರೋ ಕುಂಡದ ಗಿಡ ಇಟ್ಟರು. ಮೊದಲು ಎಸೆತಗಳನ್ನು ಯಾರೂ ಎಣಿಸುತ್ತಿರಲಿಲ್ಲ. ಆಮೇಲೆ ಸ್ಕೋರರ್ ಪಕ್ಕ ಒಬ್ಬರು ಕ್ಲಿಕ್ಕರ್ ಹಿಡಿದು ಒಂದೊಂದು ಎಸೆತಕ್ಕೂ ಒತ್ತುವಂತಾಯಿತು. ಆಗ ನನಗೆ ಕ್ಲಿಕ್ಕರ್ ಹಿಡಿದವರ ಮೇಲೂ ಅನುಮಾನ ಶುರುವಾಯಿತು. ನನ್ನ ಜೇಬಿನಲ್ಲೇ ಒಂದು ಇಟ್ಟುಕೊಂಡು ಬೇರೆಯಾಗಿ ಎಣಿಸುತ್ತಿದ್ದೆ.

ಹೋದ ವರ್ಷ, ನಾನು ನಿವೃತ್ತಳಾಗಿ ಕೆಲವು ತಿಂಗಳಾದ ಮೇಲೆ, ಗ್ರೇಮ್ ಮನೆಗೆ ಬಂದ. ಕ್ಲಬ್ಬು ಈಗಿನ ಮೈದಾನಕ್ಕೆ ಬಂದು ಕಾಲು ಶತಮಾನವಾಗಿತ್ತು. ಈ ಅವಧಿಯ ಅತ್ಯುತ್ತಮ ಐವರು ಪಿಚರ್‌ಗಳನ್ನು ಆರಿಸಿ, ಹಳೆಯ ಆಟಗಾರರನ್ನೆಲ್ಲ ಕರೆದು ಒಂದು ಸಮಾರಂಭ ಮಾಡಿ, ಅವರ ಹೆಸರುಗಳನ್ನು ಕ್ಲಬ್ ಕೋಣೆಯ ಗೋಡೆಗೆ ಹಾಕುವುದೆಂದು ತೀರ್ಮಾನವಾಗಿತ್ತು. ಆರಿಸುವವರು ಮೂವರು: ಕೋಚ್ ಆಗಿದ್ದ ಗ್ರೇಮ್, ಈಗಿನ ಸ್ಕೋರರ್ ಶ್ರೀನಿಧಿ, ಮತ್ತು ನಾನು.

"ನಾನ್ಯಾಕೆ?" ಎಂದೆ.

"ಅವರೆಲ್ಲರ ತೋಳು ನಿನಗೆ ಗೊತ್ತು."

"ಗೊತ್ತಿರೋದನ್ನ ಹೇಳೋ ಹಾಗಿಲ್ಲ, ಗ್ರೇಮ್. ಪೇಷಂಟ್ ಫೈಲು ಅದು."

"ಫೈಲು ಯಾರು ಕೇಳಿದ್ರು? ಆಟ ನೋಡಿದ್ದೀಯಲ್ಲ, ಅದನ್ನ ಹೇಳು."

ಅವನು ಹೋದ ಮೇಲೂ ನನ್ನ ಅನುಮಾನ ಹೋಗಲಿಲ್ಲ. ತನ್ನ ಸೋದರಳಿಯನ ಹೆಸರು ಗೋಡೆಗೆ ಹಾಕಲು ಅವನಿಗೆ ಬೇರೆಯವರ ಸಹಿ ಬೇಕು, ಅದಕ್ಕೇ ನನ್ನನ್ನು ಸೇರಿಸಿಕೊಂಡಿದ್ದಾನೆ ಎಂದುಕೊಂಡೆ.

ಶ್ರೀನಿಧಿ ಮೈಸೂರಿನವನು. ಓದಲೆಂದು ಬಂದು ಇಲ್ಲೇ ಉಳಿದು, ಹಾರ್ನ್‌ಬಿಯ ಒಂದು ಗೋದಾಮಿನಲ್ಲಿ ಸರಕು ಸಾಗಣೆಯ ಮೇಲ್ವಿಚಾರಣೆ ಮಾಡುತ್ತಾನೆ. ಕ್ಲಬ್ಬಿನ ಹಳೆಯ ಸ್ಕೋರ್ ಪುಸ್ತಕಗಳನ್ನೆಲ್ಲ ಅವನು ಕಂಪ್ಯೂಟರಿಗೆ ಹಾಕಿದ್ದ. "ಆಂಟಿ, ಬುಕ್ಕಲ್ಲಿ ಏನಿದ್ಯೋ ಅದೇ ನಿಜ. ಮಿಕ್ಕಿದ್ದೆಲ್ಲ ಬರೀ ಸ್ಟೋರಿ," ಎನ್ನುವುದು ಅವನ ವಾದ.

"ಬುಕ್ಕು ಬರದವರು ಮನುಷ್ಯಾರ ಅಲ್ಲೇನಪಾ?" ಎಂದೆ. ಅವನು ನಕ್ಕ.

ಮೊದಲ ಶನಿವಾರ ಬೆಳಿಗ್ಗೆ ಸೇರಿದಾಗ ಒಂದು ಗಂಟೆಯೊಳಗೆ ನಾಲ್ಕು ಹೆಸರು ನಿರ್ಧಾರವಾದವು. ಅವುಗಳ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಐದನೆಯದಕ್ಕೆ ಬಂದು ನಿಂತಿತು. ಗ್ರೇಮ್ ಬ್ರೆಂಟನ ಹೆಸರು ಹೇಳಿದ. ನಾನು ಕೇಲಬ್ ಎಂದೆ.

"ಕೇಲಬ್ ಆಡಿದ್ದು ಎರಡೇ ಸೀಸನ್," ಎಂದ ಗ್ರೇಮ್, ಕಿಟಕಿಯ ಕಡೆ ನೋಡುತ್ತ.

ಅವನು ನನ್ನ ಕಣ್ಣು ತಪ್ಪಿಸಿದ್ದು ನನಗೆ ಕಂಡಿತು. ಕೇಲಬ್‌ನ ಹೆಸರು ಗೋಡೆಯ ಮೇಲೆ ಬಂದರೆ ಆ ಶನಿವಾರದ ನೆನಪೂ ಬರುತ್ತದೆ, ಅದು ಇವನಿಗೆ ಬೇಡ ಎಂದು ಲೆಕ್ಕ ಹಾಕಿದೆ.

ಆ ಶನಿವಾರದ ವಿಷಯ ಈಗ ಹೇಳಬೇಕು.

ಹದಿನಾಲ್ಕು ವರ್ಷದ ಹಿಂದಿನ ಮಾತು. ಕೇಲಬ್‌ಗೆ ಆಗ ಇಪ್ಪತ್ತೆರಡು. ಬೆಳಗಿನ ಪಾಳಿಯಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದ, ಮಧ್ಯಾಹ್ನ ಮೈದಾನಕ್ಕೆ ಬರುತ್ತಿದ್ದ. ಅವನಷ್ಟು ಸಲೀಸಾಗಿ ಚೆಂಡು ಎಸೆಯುವವರನ್ನು ನಾನು ಆಮೇಲೂ ನೋಡಿಲ್ಲ. ಎದುರಿನವನಿಗೆ ಹತ್ತಿರ ಬರುವ ತನಕ ಚೆಂಡು ನೇರವಾಗಿಯೇ ಬರುತ್ತಿತ್ತು, ಬ್ಯಾಟು ಬೀಸಿದ ಮೇಲೆ ಅಲ್ಲಿ ಇರುತ್ತಿರಲಿಲ್ಲ. ಆದರೆ ಆಳು ಸ್ವಲ್ಪ ಉಡಾಫೆ. ಆ ಶನಿವಾರಕ್ಕೆ ಎರಡು ವಾರ ಮುಂಚೆ ಹೊಟ್ಟೆನೋವೆಂದು ಪಂದ್ಯ ತಪ್ಪಿಸಿ, ಅದೇ ಮಧ್ಯಾಹ್ನ ಬೀಚಿನಲ್ಲಿ ಗೆಳತಿಯ ಜೊತೆ ಯಾರದೋ ಕಣ್ಣಿಗೆ ಬಿದ್ದಿದ್ದ.

ಆ ದಿನದ ಎದುರಾಳಿ ತಂಡ ಬಲವಾಗಿತ್ತು. ಪಂದ್ಯಕ್ಕೆ ಅರ್ಧ ಗಂಟೆ ಇರುವಾಗ ಕೇಲಬ್ ನನ್ನ ಬಳಿ ಬಂದ.

"ಕರುಣಾ, ತೋಳು ಭಾರ ಅನ್ನಿಸ್ತಿದೆ. ನನ್ನದಲ್ಲ ಅನ್ನೋ ಹಾಗೆ."

"ನೋವಾ?"

"ನೋವಂತಲ್ಲ. ಭಾರ."

ಅವನ ಹಿಂದೆಯೇ ಗ್ರೇಮ್ ಬಂದು ನಿಂತಿದ್ದ. ಕೇಲಬ್ ಷೂ ಕಟ್ಟಲು ಬಗ್ಗಿದಾಗ ನನ್ನ ಕಿವಿಯಲ್ಲಿ, "ಮತ್ತೆ ಹೆದರಿಕೊಂಡನಾ?" ಎಂದ.

ತಣ್ಣನೆಯ ಪೂರ್ವದ ಗಾಳಿ ಬೀಸುತ್ತಿತ್ತು. ಕೇಲಬ್ ಅಂಗಿಯೊಳಗೆ ಮುಂಗೈ ತನಕ ಮುಚ್ಚುವ ಬಿಗಿಯಾದ ತೋಳಿನ ಬನಿಯನ್ನು ಹಾಕಿದ್ದ. ನಾನು ಬಟ್ಟೆಯ ಮೇಲಿಂದಲೇ ಭುಜ ತಿರುಗಿಸಿದೆ. ಪೂರ್ತಿ ತಿರುಗಿತು. ಕೈ ಒತ್ತು ಎಂದೆ, ಒತ್ತಿದ. ಎಳೆ ಎಂದೆ, ಎಳೆದ. ಶಕ್ತಿಯಲ್ಲಿ ಏನೂ ಕೊರತೆ ಇರಲಿಲ್ಲ. ಅವನ ಮುಖ ನೋಡಿದೆ. ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಸ್ಪಷ್ಟವಾಗಿ ಕಂಡಿತು. ಇಂಥ ಮುಖಗಳನ್ನು ಓದುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹೆಮ್ಮೆಯಲ್ಲಿ ಇದ್ದವಳು ನಾನು.

ಗ್ರೇಮ್ ಕಡೆ ತಿರುಗಿ, "ಏನೂ ಇಲ್ಲ. ಎಸೀಲಿ," ಎಂದೆ.

ನಾಲ್ಕು ಇನ್ನಿಂಗ್ಸ್, ಅಂದರೆ ಎದುರಾಳಿಗಳ ನಾಲ್ಕು ಸರದಿ, ಎಸೆದ. ಅವನು ಅಷ್ಟು ಚೆನ್ನಾಗಿ ಎಸೆದದ್ದನ್ನು ಅದಕ್ಕೆ ಮೊದಲು ನೋಡಿರಲಿಲ್ಲ. ನೋಡಿದೆಯಾ ಎನ್ನುವ ಹಾಗೆ ಗ್ರೇಮ್ ನನ್ನ ಕಡೆ ಹುಬ್ಬು ಹಾರಿಸಿದ. ನಾಲ್ಕನೆಯದು ಮುಗಿಸಿ ಬೆಂಚಿಗೆ ಬಂದ ಕೇಲಬ್ ನೀರಿನ ಬಾಟಲಿಗೆ ಕೈ ಚಾಚಿದ. ಬೆರಳುಗಳು ಮಡಚಲಿಲ್ಲ. ಬಾಟಲಿ ಉರುಳಿ ಹೋಯಿತು. ಅವನು ಅದನ್ನು ನೋಡುತ್ತ ಸುಮ್ಮನೆ ಕೂತ. ಉಸಿರು ಮೇಲೆ ಮೇಲೆ ಆಡುತ್ತಿತ್ತು.

ಕತ್ತರಿ ತೆಗೆದು ಬನಿಯನ್ನಿನ ತೋಳು ಕತ್ತರಿಸಿದೆ. ಒಳಗಿನ ತೋಳು ನೇರಳೆ ಬಣ್ಣಕ್ಕೆ ತಿರುಗಿತ್ತು. ಎಡಗೈಗಿಂತ ಒಂದೂವರೆ ಪಟ್ಟು ದಪ್ಪ. ಭುಜದಿಂದ ಎದೆಯ ಮೇಲೆ ನೀಲಿ ನರಗಳು ಉಬ್ಬಿ ನಿಂತಿದ್ದವು. ಇಂಥದ್ದನ್ನು ಪುಸ್ತಕದಲ್ಲಿ ಓದಿದ್ದೆ. ಎಸೆದು ಎಸೆದು, ಎತ್ತಿ ಎತ್ತಿ, ಕೊರಳ ಎಲುಬಿನ ಕೆಳಗೆ ರಕ್ತನಾಳ ಅಮುಕಿಹೋಗಿ ಒಳಗೆ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಒಂದು ತುಣುಕು ಅವನ ಶ್ವಾಸಕೋಶಕ್ಕೂ ಹೋಗಿತ್ತು ಎಂಬುದು ಆಸ್ಪತ್ರೆಯಲ್ಲಿ ಗೊತ್ತಾಯಿತು. ಬದುಕಿದ. ನಾಳವನ್ನು ಅಮುಕುತ್ತಿದ್ದ ಮೇಲಿನ ಪಕ್ಕೆಲುಬು ತೆಗೆದರು. ಮತ್ತೆಂದೂ ಚೆಂಡು ಎಸೆಯಲಿಲ್ಲ.

ಹೊಸಬರಿಗೆ ಹೇಳುವುದು ಇಷ್ಟು: ತೋಳು ಭಾರ ಎಂದವನ ಎರಡೂ ತೋಳು ಬಟ್ಟೆ ಬಿಚ್ಚಿಸಿ ಪಕ್ಕಪಕ್ಕ ಇಟ್ಟು ನೋಡಿ. ಗಾಳಿ ಇರಲಿ, ಮಳೆ ಇರಲಿ, ಕೋಚ್ ಹಿಂದೆ ನಿಂತಿರಲಿ. ಅರ್ಧ ನಿಮಿಷದ ಕೆಲಸ ಅದು. ಮಾರ್ಗರೆಟ್ ಹೇಳಿದ್ದರಲ್ಲಿ ಮೊದಲನೆಯದನ್ನೇ ನಾನು ಮಾಡಲಿಲ್ಲ.

ಪಟ್ಟಿಯ ವಿಷಯಕ್ಕೆ ಮರಳುತ್ತೇನೆ. ಎರಡನೆಯ ಶನಿವಾರ ಸೇರುವ ಮುಂಚೆ ಹಳೆಯ ಸ್ಕೋರ್ ಪುಸ್ತಕಗಳನ್ನು ಮನೆಗೆ ತಂದು ಕೂತೆ. ಕೇಲಬ್‌ನ ಮೊದಲ ಸೀಸನ್ನಿನ ಫೈನಲ್ ಪುಟದಲ್ಲಿ ನಾನು ಹುಡುಕುತ್ತಿದ್ದದ್ದು ಸಿಕ್ಕಿತು. ಆ ಪಂದ್ಯದಲ್ಲಿ ಬ್ರೆಂಟ್ ಮತ್ತು ಕೇಲಬ್ ಇಬ್ಬರೂ ಎಸೆದಿದ್ದರು. ಈ ಆಟದಲ್ಲಿ ಗೆಲುವನ್ನು ಒಬ್ಬ ಪಿಚರ್‌ನ ಹೆಸರಿಗೆ ಬರೆಯುತ್ತಾರೆ; ಅದನ್ನು ಬರೆಯುವ ಕಡೆ ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ಉಜ್ಜಿ ಮತ್ತೆ ಬರೆದಿದ್ದರು, ಎರಡು ಹೆಸರೂ ಮಸುಕಾಗಿ ಬೆರೆತುಹೋಗಿದ್ದವು. ಕೇಲಬ್‌ನ ಗೆಲುವನ್ನು ಸೋದರಳಿಯನಿಗೆ ಕೊಡಿಸಿದ್ದಾನೆ, ಸಿಕ್ಕಿಬಿದ್ದ ಗ್ರೇಮ್ ಎಂದುಕೊಂಡೆ. ಪುಸ್ತಕ ಎತ್ತಿಕೊಂಡು ನೇರ ಶ್ರೀನಿಧಿಯ ಮನೆಗೆ ಹೋದೆ.

ಅವನು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದ. "ಆಂಟಿ, ಕೆಳಗೆ ಉಜ್ಜಿರೋದು ಬ್ರೆಂಟ್ ಹೆಸ್ರು. ಮೇಲೆ ಬರ್ದಿರೋದು ಕೇಲಬ್."

"ಉಲ್ಟಾ ನೋಡಾಕತ್ತೀಯೇನು?"

"ಇಲ್ಲ ಆಂಟಿ. ಇಲ್ಲಿ ಮಾರ್ಜಿನ್ ನೋಡಿ, ಗ್ರೇಮ್ ಸೈನ್ ಮಾಡಿದ್ದಾರೆ, ಡೇಟ್ ಹಾಕಿದ್ದಾರೆ. ರೂಲ್ ಪ್ರಕಾರ ಆ ವಿನ್ ಕೇಲಬ್‌ಗೇ ಹೋಗ್ಬೇಕಿತ್ತು. ಆಗಿನ ಸ್ಕೋರರ್ ತಪ್ಪು ಮಾಡಿದ್ರು, ಇವ್ರು ಕರೆಕ್ಟ್ ಮಾಡ್ಸಿದ್ದಾರೆ."

ಅಂದರೆ ಗ್ರೇಮ್ ತನ್ನ ಸೋದರಳಿಯನ ಹೆಸರಿನಲ್ಲಿದ್ದ ಫೈನಲ್ ಗೆಲುವನ್ನು ಅಳಿಸಿ ಕೇಲಬ್‌ಗೆ ಕೊಡಿಸಿದ್ದ. ತಿದ್ದಿದವನು ತಾನೇ ಎಂದು ಪಕ್ಕದಲ್ಲಿ ಸಹಿ ಮಾಡಿದ್ದ.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ನನ್ನ ಗಂಡ ಸಮುವೇಲ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ತರಕಾರಿ ಹೆಚ್ಚುತ್ತ ಎಲ್ಲವನ್ನೂ ಕೇಳಿದರು.

"ಗ್ರೇಮ್‌ನ ಮ್ಯಾಲೆ ಸಂಶಯ ಪಟ್ಟಿ. ಆ ಹುಡುಗನ ಬುಕ್ಕಿನ ಮ್ಯಾಲೂ ಪಟ್ಟಿ. ನಿನ್ನ ಮ್ಯಾಲೆ ಯಾವಾಗ ಪಡ್ತಿ?" ಎಂದರು.

"ನಾ ಏನ್ ಮಾಡೇನಿ?"

"ಅದನ್ನ ನಾ ಕೇಳಾಕತ್ತೇನಿ. ಎರಡ ಸೀಸನ್ ಆಡಿದ ಹುಡುಗ ಗ್ವಾಡಿ ಮ್ಯಾಲೆ ಬರಬೇಕಂತ ನಿನಗ್ಯಾಕ ಇಷ್ಟು ಹಠ?"

ಅವರಿಗೆ ಏನೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಆ ಶನಿವಾರ ಸಂಜೆ, ಕೇಲಬ್ ಇನ್ನೂ ತುರ್ತು ವಿಭಾಗದಲ್ಲಿದ್ದಾಗ, ಕ್ಲಿನಿಕ್ಕಿಗೆ ಹೋಗಿ ನಾನು ವರದಿ ಬರೆದಿದ್ದೆ. "ತೋಳು ಭಾರವಾಗಿದೆ ಎಂದು ಪಂದ್ಯದ ನಡುವೆ ತಿಳಿಸಿದರು" ಎಂದು ಬರೆದೆ. ಪಂದ್ಯಕ್ಕೆ ಮುಂಚೆ ಎಂದು ಬರೆಯಲಿಲ್ಲ. ಒಂದೇ ಪದದ ವ್ಯತ್ಯಾಸ. ಯಾರೂ ಪ್ರಶ್ನೆ ಕೇಳಲಿಲ್ಲ. ಗ್ರೇಮ್ ಆ ವರದಿ ನೋಡಲಿಲ್ಲ. ಬೇರೆಯವರ ಒಂದೊಂದು ಮಾತನ್ನೂ ಜರಡಿ ಹಿಡಿಯುತ್ತಿದ್ದ ನಾನು ಹದಿನಾಲ್ಕು ವರ್ಷ ಆ ಸಾಲಿನ ಮೇಲೆ ಆರಾಮಾಗಿ ಕೂತಿದ್ದೆ.

ಸಮುವೇಲರಿಗೆ ಅಂದು ಹೇಳಿದೆ. ಅವರು ಚಾಕು ಕೆಳಗಿಟ್ಟರು. "ಆ ಹುಡುಗ ಎಲ್ಲೆ ಅದಾನ ಈಗ?" ಎಂದರು.

ಪಾಮರ್ಸ್ಟನ್ ನಾರ್ತ್ ಎಂಬ ಊರಿನಲ್ಲಿದ್ದ. ಆಟ ಬಿಟ್ಟ ಮೇಲೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದಿ, ಹುಲ್ಲಿನ ಬೀಜಗಳ ಮೇಲೆ ಸಂಶೋಧನೆ ಮಾಡುವ ಕೆಲಸ ಹಿಡಿದಿದ್ದ. ಬರುತ್ತೇನೆ, ಮಾತಾಡಬೇಕು ಎಂದು ಮೆಸೇಜ್ ಕಳಿಸಿದೆ. "ಬನ್ನಿ" ಎಂದಷ್ಟೇ ಉತ್ತರ ಬಂತು.

ವಿಮಾನ ಹತ್ತಿ ಹೋದೆ. ಊರೆಲ್ಲ ತಟ್ಟೆಯ ಹಾಗೆ ಸಮತಟ್ಟು. ಅವನು ಸೈಕಲ್ ತಳ್ಳಿಕೊಂಡು ಕ್ಯಾಂಪಸ್ ಗೇಟಿನ ಬಳಿಗೆ ಬಂದ. ಮೂವತ್ತಾರರ ಗಂಡಸು, ಕೂದಲು ತೆಳುವಾಗಿತ್ತು. ನನ್ನ ಕಣ್ಣು ಮೊದಲು ಹೋದದ್ದು ಬಲ ಭುಜದ ಕಡೆಗೆ. ಅದು ಸ್ವಲ್ಪ ಕೆಳಗಿತ್ತು. ಅವನು ಅದನ್ನು ಗಮನಿಸಿದ.

"ಇನ್ನೂ ನೋಡ್ತೀರಾ?" ಎಂದ. ನಗಲಿಲ್ಲ.

ಬೆಂಚಿನ ಮೇಲೆ ಕೂತೆವು. ಹೇಗೆ ಶುರು ಮಾಡಬೇಕೆಂದು ವಿಮಾನದಲ್ಲಿ ಯೋಚಿಸಿದ್ದೆಲ್ಲ ಮರೆತುಹೋಯಿತು. ನೇರವಾಗಿ ಹೇಳಿದೆ. "ನೀನು ಪಂದ್ಯಕ್ಕೆ ಮುಂಚೆ ನನಗೆ ಹೇಳಿದ್ದೆ. ನೀನು ಹೆದರಿಕೊಂಡಿದ್ದೀಯ ಅಂದುಕೊಂಡೆ. ಏನೂ ಇಲ್ಲ ಅಂತ ಕೋಚ್‌ಗೆ ಹೇಳಿದೆ. ಆಮೇಲೆ ವರದಿಯಲ್ಲಿ, ನೀನು ಆಟದ ನಡುವೆ ಹೇಳಿದೆ ಅಂತ ಸುಳ್ಳು ಬರೆದೆ."

ಅವನು ಬೆಂಚಿನ ಅಂಚನ್ನು ಬೆರಳಿನಿಂದ ಕೆರೆಯುತ್ತ ಕೂತಿದ್ದ.

"ಫೈಲು ನಾನು ಓದಿದ್ದೀನಿ. ಏಳೆಂಟು ವರ್ಷ ಆಯ್ತು. ಆ ಸಾಲು ನೋಡಿ, ಯಾರೋ ಟೈಪ್ ಮಾಡೋವಾಗ ತಪ್ಪಿರಬೇಕು ಅಂದುಕೊಂಡೆ. ಹಾಗಂದುಕೊಳ್ಳೋದು ಸುಲಭ ಆಗಿತ್ತು."

"ತಪ್ಪಲ್ಲ ಅದು."

"ಈಗ ಗೊತ್ತಾಯ್ತಲ್ಲ." ಅವನು ನನ್ನ ಕಡೆ ತಿರುಗಿದ. "ನಾನೂ ಒಂದು ಹೇಳಿರಲಿಲ್ಲ. ಆ ದಿನ ಬೆಳಿಗ್ಗೆ ಗೋದಾಮಿನಲ್ಲೇ ತೋಳು ನೇರಳೆ ಆಗಿತ್ತು. ಜೊತೆಯವನು ಡಾಕ್ಟರ್ ಹತ್ರ ಹೋಗು ಅಂದ. ಉದ್ದ ತೋಳಿನ ಬನಿಯನ್ ಹಾಕಿದ್ದು ಗಾಳಿಗಲ್ಲ, ಕರುಣಾ. ನಿಮ್ಮ ಕಣ್ಣಿಗೆ ಬೀಳಬಾರದು ಅಂತ. ಹಿಂದಿನ ಸಲ ತಪ್ಪಿಸಿದ್ದಕ್ಕೆ ಎಲ್ಲರೂ ನನ್ನ ಹೇಡಿ ಅಂತಿದ್ರು."

"ಮತ್ತೆ ಭಾರ ಅಂತ ಯಾಕೆ ಹೇಳಿದೆ?"

"ನೀವು ಕಂಡುಹಿಡೀಲಿ ಅಂತಲೂ ಮನಸ್ಸಲ್ಲಿ ಇತ್ತು."

ಅವನೇನೋ ಮುಚ್ಚಿಡುತ್ತಿದ್ದಾನೆ ಎಂಬ ನನ್ನ ಅಂದಾಜು ಸರಿಯಾಗಿಯೇ ಇತ್ತು. ಮುಚ್ಚಿಟ್ಟದ್ದು ಏನೆಂಬುದನ್ನು ಮಾತ್ರ ಪೂರ್ತಿ ತಪ್ಪಾಗಿ ತಿಳಿದಿದ್ದೆ. ಕ್ಷಮಿಸು ಎಂದೆ.

"ಪರವಾಗಿಲ್ಲ ಅಂತ ಹೇಳಲ್ಲ," ಎಂದ. "ಎರಡು ಚಳಿಗಾಲ ಒಗೆದ ಬಟ್ಟೆ ತಂತಿಗೆ ಹಾಕೋಕೆ ಆಗ್ತಿರಲಿಲ್ಲ. ಅಮ್ಮ ಬಂದು ಹಾಕಿ ಹೋಗ್ತಿದ್ರು. ಆದರೆ ನೀವು ಹೇಳಿದ್ದು ಒಳ್ಳೇದಾಯ್ತು. ಫೈಲಿನಲ್ಲಿ ಸರಿಮಾಡಿಸಿ."

ಸರಿಮಾಡಿಸುತ್ತೇನೆ ಎಂದೆ. ಆಮೇಲೆ ಪಟ್ಟಿಯ ವಿಷಯ ಹೇಳಿದೆ. ಐದನೆಯ ಹೆಸರು ಅವನದಾಗಬೇಕೆಂದು ನಾನು ವಾದಿಸುತ್ತಿರುವುದನ್ನೂ ಹೇಳಿದೆ. ಅವನ ಮುಖ ಗಟ್ಟಿಯಾದದ್ದು ಆಗಲೇ.

"ನನ್ನನ್ನ ಗೋಡೆಗೆ ಹಾಕಿ ನಿಮ್ಮ ಮನಸ್ಸು ಹಗುರ ಮಾಡಿಕೊಳ್ಳಬೇಡಿ. ಎಸೆದದ್ದಕ್ಕೆ ಸಿಕ್ಕರೆ ಸಿಗಲಿ."

ಕ್ರೈಸ್ಟ್‌ಚರ್ಚ್‌ಗೆ ಮರಳಿ ಹಳೆಯ ಕ್ಲಿನಿಕ್ಕಿಗೆ ಪತ್ರ ಬರೆದೆ. ನನ್ನ ವರದಿಯ ಆ ಸಾಲು ಸುಳ್ಳು, ಈ ಪತ್ರವನ್ನು ಫೈಲಿಗೆ ಸೇರಿಸಬೇಕು ಎಂದು ಕೇಲಬ್‌ನ ಒಪ್ಪಿಗೆಯೊಡನೆ ಕಳಿಸಿದೆ. ಈಗಿನ ಮ್ಯಾನೇಜರ್ ಫೋನ್ ಮಾಡಿ ತಣ್ಣಗೆ ಮಾತಾಡಿದರು. ನಮ್ಮ ವೃತ್ತಿಯ ನೋಂದಣಿ ಮಂಡಳಿಗೂ ತಿಳಿಸಬೇಕಾಗುತ್ತದೆ ಎಂದರು. ತಿಳಿಸಿ ಎಂದೆ. ಮಂಡಳಿಯ ವಿಚಾರಣೆ ಇನ್ನೂ ಮುಗಿದಿಲ್ಲ. ನನ್ನ ಹಳೆಯ ಸಹೋದ್ಯೋಗಿಗಳಲ್ಲಿ ಇಬ್ಬರು ಅಂಗಡಿಯಲ್ಲಿ ಎದುರಾದರೆ ಈಗ ಬೇರೆ ಸಾಲಿಗೆ ತಿರುಗಿಕೊಳ್ಳುತ್ತಾರೆ.

ಮೂರನೆಯ ಶನಿವಾರ ಕ್ಲಬ್ ಕೋಣೆಯಲ್ಲಿ ಗ್ರೇಮ್ ಮತ್ತು ಶ್ರೀನಿಧಿಯ ಮುಂದೆ ಎಲ್ಲವನ್ನೂ ಹೇಳಿದೆ. ಕೇಲಬ್‌ನ ವಿಷಯ ಅವನ ಅನುಮತಿ ಪಡೆದೇ ಹೇಳಿದ್ದು. ಗ್ರೇಮ್‌ಗೆ ಎಪ್ಪತ್ತು ದಾಟಿದೆ. ಕ್ಯಾಪು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

"ನೀನು ಅವನ ತೋಳು ಮುಟ್ಟೋಕೆ ಮುಂಚೆಯೇ ನಾನು ನಿನ್ನ ಕಿವಿಯಲ್ಲಿ ಹೇಳಿದ್ದೆ," ಎಂದ. "ಹೆದರಿಕೊಂಡನಾ ಅಂತ. ಅದನ್ನ ನಾನು ಒಂದು ದಿನವೂ ಮರೆತಿಲ್ಲ. ಹೋದ ವಾರಗಳಲ್ಲಿ ಅವನ ಹೆಸರು ಬೇಡ ಅಂದದ್ದು ಅದಕ್ಕೇ. ಆ ಗೋಡೆ ನೋಡೋಕೆ ನನಗೆ ಆಗಲ್ಲ ಅಂತ."

ಅವನ ಬಗ್ಗೆ ನಾನು ಪಟ್ಟ ಅನುಮಾನ ಆ ಒಂದು ವಿಷಯದಲ್ಲಿ ಮಾತ್ರ ನಿಜವಾಗಿತ್ತು. ಅದರಿಂದ ನನಗೆ ಏನೂ ಖುಷಿಯಾಗಲಿಲ್ಲ.

ಚೀಟಿಯಲ್ಲಿ ಬರೆಯುವ ಬದಲು ಬಾಯಲ್ಲೇ ಹೇಳೋಣ ಎಂದ ಶ್ರೀನಿಧಿ. ತನ್ನ ಮತ ಬ್ರೆಂಟ್‌ಗೆ ಎಂದ. "ಸಾರಿ ಆಂಟಿ. ಕೇಲಬ್ ಬೆಸ್ಟ್ ಆಗ್ತಿದ್ರೇನೋ. ಆದ್ರೆ ಆಗ್ತಿದ್ರು ಅನ್ನೋದು ಬುಕ್ಕಲ್ಲಿಲ್ವಲ್ಲ."

"ಕೇಲಬ್," ಎಂದ ಗ್ರೇಮ್, ತನ್ನ ಸೋದರಳಿಯನನ್ನು ಬಿಟ್ಟು.

ಇಬ್ಬರೂ ನನ್ನ ಕಡೆ ನೋಡಿದರು. ಈ ಮತದಿಂದ ದೂರ ಇರುತ್ತೇನೆ ಎಂದು ಹೇಳಿಬಿಡೋಣವೆಂದು ಒಂದು ಕ್ಷಣ ಅನಿಸಿತು. ಆದರೆ ಅದೂ ಕಣ್ಣು ತಪ್ಪಿಸಿಕೊಳ್ಳುವುದೇ. ಇಬ್ಬರ ಅಂಕಿಗಳನ್ನು ಓದು ಎಂದು ಶ್ರೀನಿಧಿಗೆ ಹೇಳಿದೆ. ಸೀಸನ್ ಸೀಸನ್ನಾಗಿ ಓದಿದ. ಕೇಲಬ್‌ನದು ಬೇಗ ಮುಗಿಯಿತು. ಬ್ರೆಂಟನದು ಮುಗಿಯಲಿಲ್ಲ. ಕೆಟ್ಟ ತಂಡದ ಜೊತೆ ಎಸೆದ ವರ್ಷಗಳಿದ್ದವು. ಮೊಣಕೈ ವಾಸಿಯಾಗಿ ಬಂದು ವೇಗ ಕಡಿಮೆಯಾದ ಮೇಲೆ, ಎಸೆಯುವ ರೀತಿಯನ್ನೇ ಬದಲಿಸಿಕೊಂಡು ಗೆದ್ದ ವರ್ಷಗಳಿದ್ದವು. ಅದನ್ನೆಲ್ಲ ನಾನು ಮೈದಾನದ ಪಕ್ಕದಲ್ಲೇ ನಿಂತು ನೋಡಿದ್ದೆ. ಕೋಚಿನ ನೆಂಟ ಎಂಬ ಒಂದೇ ಕಾರಣಕ್ಕೆ ಅದಕ್ಕೆ ಬೆಲೆ ಕೊಟ್ಟಿರಲಿಲ್ಲ.

"ಬ್ರೆಂಟ್," ಎಂದೆ.

ಗ್ರೇಮ್ ನನ್ನನ್ನು ದಿಟ್ಟಿಸಿದ. "ಇಷ್ಟೆಲ್ಲ ಹೇಳಿದ ಮೇಲೂ?"

"ಹೇಳಿದ್ದರಿಂದಲೇ."

ಕಾರಿನಲ್ಲಿ ಕೂತು ಅಲ್ಲಿಂದಲೇ ಕೇಲಬ್‌ಗೆ ಫೋನ್ ಮಾಡಿದೆ. ಬೇರೆಯವರ ಬಾಯಿಂದ ಅವನಿಗೆ ಗೊತ್ತಾಗಬಾರದಿತ್ತು. ಗಾಳಿಯ ಸದ್ದು ಕೇಳಿತು. ಸೈಕಲ್ ನಿಲ್ಲಿಸಿ ಮಾತಾಡುತ್ತಿದ್ದನೆಂದು ಕಾಣುತ್ತದೆ.

"ಐದನೆಯವನು ಬ್ರೆಂಟ್," ಎಂದೆ.

"ಗ್ರೇಮ್ ಹಾಕಿಸಿದನಾ?"

"ಗ್ರೇಮ್ ನಿನ್ನ ಹೆಸರು ಹೇಳಿದ. ಬ್ರೆಂಟ್ ಅಂದವಳು ನಾನು."

ಅವನು ಗಾಳಿಗೆ ಬೆನ್ನು ಮಾಡಿ ತಿರುಗಿಕೊಂಡನೇನೋ, ಸದ್ದು ಕಡಿಮೆಯಾಯಿತು.

"ನನ್ನ ಹೆಸರು ಬಂತು ಅಂತ ನೀವು ಹೇಳಿದ್ದಿದ್ರೆ ಸಮಾರಂಭಕ್ಕೆ ನಾನು ಬರ್ತಾನೇ ಇರಲಿಲ್ಲ," ಎಂದ. "ಗೋಡೆ ನೋಡಿದಾಗಲೆಲ್ಲ, ಇದು ಎಸೆದದ್ದಕ್ಕೆ ಸಿಕ್ಕಿದ್ದೋ ಆಪರೇಷನ್‌ಗೆ ಸಿಕ್ಕಿದ್ದೋ ಅಂತ ಯೋಚನೆ ಬರ್ತಿತ್ತು."

"ಈಗ ಬರ್ತೀಯಾ?"

"ನೋಡ್ತೀನಿ." ಆಮೇಲೆ ಅವನೇ ಕೇಳಿದ. "ಆರನೆಯವನು ಅಂತ ಒಬ್ಬ ಇದ್ದಿದ್ರೆ ಯಾರು?"

"ನೀನು. ಅದರಲ್ಲಿ ಸಂಶಯವೇ ಇಲ್ಲ."

"ಅದನ್ನ ನಂಬ್ತೀನಿ," ಎಂದ.